ಸುಖೋಮಾಜ್ರಿ: ಗುಡ್ಡದ ಮಣ್ಣು, ಕಟ್ಟೆಯ ನೀರು ಮತ್ತು ಪಾಲಿನ ಪ್ರಶ್ನೆ

ಚಂಡೀಗಢದ ಅಂಚಿನಲ್ಲಿ, ಶಿವಾಲಿಕ್ ಗುಡ್ಡಸಾಲಿನಿಂದ ಇಳಿದು ಬರುವ ಮಳೆಗಾಲದ ಹಳ್ಳವೊಂದಕ್ಕೆ ಅಡ್ಡಲಾಗಿ ಏರಿ ಕಟ್ಟಿ 1958ರಲ್ಲಿ ಸುಖ್ನಾ ಕೆರೆಯನ್ನು ನಿರ್ಮಿಸಲಾಯಿತು. ಹಳ್ಳವು ನೀರಿನ ಜತೆಗೆ ಮಣ್ಣನ್ನೂ ತಂದು ಸುರಿಯಿತು. 1970ರ ದಶಕದ ನಡುಭಾಗದ ಹೊತ್ತಿಗೆ ಕೆರೆಯ ಮೂಲ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೂಳಿನ ಪಾಲಾಗಿತ್ತು. ಹೂಳೆತ್ತುವ ಕೆಲಸ ಮುಗಿಯದ ಖರ್ಚಾಗಿ ಪರಿಣಮಿಸಿದಾಗ, ಮಣ್ಣು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡುವ ಹೊಣೆ ಕೇಂದ್ರೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಚಂಡೀಗಢ ಕೇಂದ್ರದ ಮೇಲೆ ಬಿತ್ತು. ಆ ಕೇಂದ್ರದ ಮುಖ್ಯಸ್ಥರಾಗಿದ್ದವರು ಪಿ.ಆರ್. ಮಿಶ್ರಾ. ಅವರ ತಂಡ ಹಳ್ಳದ ಕವಲುಗಳನ್ನು ಹಿಡಿದು ಮೇಲಕ್ಕೆ ಹೋದಾಗ, ಇಡೀ ಜಲಾನಯನದಲ್ಲಿ, ಅಂದರೆ ಕೆರೆಗೆ ನೀರು ಹರಿದು ಬರುವ ಪ್ರದೇಶದಲ್ಲಿ, ಮಣ್ಣು ಒಂದೇ ಸಮನೆ ಕೊಚ್ಚಿಹೋಗುತ್ತಿಲ್ಲ, ಅದರ ಬಹುಪಾಲು ಕೆಲವೇ ಬೋಳು ಗುಡ್ಡಗಳಿಂದ ಬರುತ್ತಿದೆ ಎಂಬುದು ಸ್ಪಷ್ಟವಾಯಿತು. ಆ ಗುಡ್ಡಗಳ ಬುಡದಲ್ಲಿದ್ದ ಊರು ಸುಖೋಮಾಜ್ರಿ, ಆಗಿನ ಅಂಬಾಲಾ ಜಿಲ್ಲೆಗೂ ಈಗಿನ ಪಂಚಕುಲಾ ಜಿಲ್ಲೆಗೂ ಸೇರಿದ ಹರಿಯಾಣದ ಒಂದು ಸಣ್ಣ ಹಳ್ಳಿ.

ಜಲಾನಯನ ಅಭಿವೃದ್ಧಿಯ ತರಬೇತಿಗಳಲ್ಲಿ ಈ ಊರಿನ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ಯಶಸ್ಸಿನ ಕಥೆಯಾಗಿ, 1990ರ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ. ಈ ಅಧ್ಯಯನದಲ್ಲಿ ನಾನು ಹಿಡಿದ ಎಳೆ ಬೇರೆ. ಗುಡ್ಡದಲ್ಲಿ ಮಣ್ಣು ನಿಲ್ಲಲು ಕಟ್ಟೆ ಮತ್ತು ಕಂದಕಗಳು ಎಷ್ಟು ಕಾರಣವೋ, ಕಟ್ಟೆಯ ನೀರನ್ನೂ ಗುಡ್ಡದ ಹುಲ್ಲನ್ನೂ ಯಾರು ಯಾರಿಗೆ ಹೇಗೆ ಹಂಚಿದರು ಎಂಬುದು ಅದಕ್ಕಿಂತ ಹೆಚ್ಚು ಕಾರಣ. ಮುಂದೆ ವ್ಯವಸ್ಥೆ ಸಡಿಲವಾದದ್ದಕ್ಕೂ ಆ ಹಂಚಿಕೆಯಲ್ಲೇ ವಿವರಣೆ ಸಿಗುತ್ತದೆ.

ನೆಲದ ಸ್ಥಿತಿ

ಶಿವಾಲಿಕ್ ಹಿಮಾಲಯದ ಹೊರ ಅಂಚಿನ, ಭೂವೈಜ್ಞಾನಿಕವಾಗಿ ಎಳೆಯ ಗುಡ್ಡಸಾಲು. ಸರಿಯಾಗಿ ಗಟ್ಟಿಗೊಳ್ಳದ ಮರಳುಗಲ್ಲು, ಜೇಡಿ ಮತ್ತು ಉರುಟುಗಲ್ಲುಗಳ ಪದರಗಳಿಂದ ಆದ ಈ ಗುಡ್ಡಗಳಿಗೆ ಹಸಿರು ಹೊದಿಕೆಯೊಂದೇ ಆಸರೆ. ಮಳೆ ಕಡಿಮೆಯೇನಲ್ಲ, ವರ್ಷಕ್ಕೆ ಸುಮಾರು 1100 ಮಿಲಿಮೀಟರ್ ಬೀಳುತ್ತದೆ. ಆದರೆ ಅದರ ಬಹುಪಾಲು ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ, ಅದೂ ಕೆಲವೇ ಬಿರುಮಳೆಗಳಲ್ಲಿ ಸುರಿದು ಹೋಗುತ್ತದೆ. ಮರ ಕಡಿದು, ಮೇಕೆ ಮತ್ತು ದನಗಳನ್ನು ವರ್ಷವಿಡೀ ಮೇಯಲು ಬಿಟ್ಟ ಇಳಿಜಾರಿನಲ್ಲಿ ಮಳೆಹನಿ ನೇರವಾಗಿ ಮಣ್ಣಿಗೆ ಅಪ್ಪಳಿಸುತ್ತದೆ. ಸಿಡಿದ ನುಣುಪು ಕಣಗಳು ಮೇಲ್ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ, ಗೊರಸು ತುಳಿದ ನೆಲ ಮೊದಲೇ ಬಿಗಿದುಕೊಂಡಿರುತ್ತದೆ. ಹೀಗಾಗಿ ನೀರು ಇಂಗುವುದಕ್ಕೆ ದಾರಿಯಿಲ್ಲದೆ ಮೇಲ್ಮೈಯಲ್ಲೇ ಹರಿದು, ಹರಿಯುತ್ತ ಹರಿಯುತ್ತ ವೇಗ ಪಡೆದು, ಕೊರೆಯಲು ತೊಡಗುತ್ತದೆ.

ಇಂಥ ಗುಡ್ಡಗಳಲ್ಲಿ ಒಂದು ಹೆಕ್ಟೇರಿನಿಂದ ವರ್ಷಕ್ಕೆ ನೂರು ಟನ್ನಿಗೂ ಮೀರಿ ಮಣ್ಣು ಕೊಚ್ಚಿಹೋಗುವುದು ದಾಖಲಾಗಿದೆ. ಸಂಖ್ಯೆ ದೊಡ್ಡದೆನಿಸಿದರೂ ಅದರ ಅರ್ಥ ಲೆಕ್ಕ ಹಾಕಿದರೆ ಮಾತ್ರ ಹೊಳೆಯುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ದಪ್ಪದ ಮಣ್ಣು ಎಂದರೆ 10 ಘನ ಮೀಟರ್, ತೂಕದಲ್ಲಿ ಸುಮಾರು 13ರಿಂದ 15 ಟನ್. ಅಂದರೆ ನೂರೈವತ್ತು ಟನ್ ಹೋಯಿತೆಂದರೆ ಒಂದೇ ವರ್ಷದಲ್ಲಿ ಒಂದು ಸೆಂಟಿಮೀಟರಿನಷ್ಟು ನೆಲ ಹೋಯಿತು ಎಂದಾಯಿತು. ಅಷ್ಟು ಮಣ್ಣು ಹೊಸದಾಗಿ ರೂಪುಗೊಳ್ಳಲು ನೂರಾರು ವರ್ಷ ಬೇಕು.

ಈ ಸಮಸ್ಯೆ ಸರ್ಕಾರಕ್ಕೆ ಹೊಸದಾಗಿರಲಿಲ್ಲ. ಈ ಭಾಗದಲ್ಲಿ ‘ಚೋ’ ಎಂದು ಕರೆಯುವ ಮರಳು ತುಂಬಿದ ಹಳ್ಳಗಳು ಬಯಲಿನ ಹೊಲಗಳನ್ನು ನುಂಗುತ್ತಿದ್ದುದರಿಂದ ಬ್ರಿಟಿಷ್ ಆಡಳಿತ 1900ರಲ್ಲೇ ಪಂಜಾಬ್ ಭೂ ಸಂರಕ್ಷಣಾ ಕಾಯ್ದೆಯನ್ನು ತಂದು, ಗುಡ್ಡಗಳಲ್ಲಿ ಮರ ಕಡಿಯುವುದನ್ನೂ ದನ ಮೇಯಿಸುವುದನ್ನೂ ನಿರ್ಬಂಧಿಸುವ ಅಧಿಕಾರ ಪಡೆದಿತ್ತು. ಮುಕ್ಕಾಲು ಶತಮಾನ ಕಳೆದ ಮೇಲೂ ಗುಡ್ಡ ಬೋಳಾಗಿಯೇ ಇತ್ತು. ಮೇಯಿಸಬೇಡಿ ಎಂದು ಹೇಳುವ ಕಾನೂನು, ಮೇಯಿಸದಿದ್ದರೆ ಆ ಮನೆಯವರು ಏನು ಮಾಡಬೇಕು ಎಂಬುದಕ್ಕೆ ಉತ್ತರ ಕೊಟ್ಟಿರಲಿಲ್ಲ.

ಸುಖೋಮಾಜ್ರಿಯಲ್ಲಿ ಆಗ ಇದ್ದದ್ದು ಸುಮಾರು 60 ಕುಟುಂಬಗಳು, ಬಹುಪಾಲು ಗುಜ್ಜರ್ ಸಮುದಾಯದವರು. ಮನೆಗೆ ಸರಾಸರಿ ಒಂದು ಹೆಕ್ಟೇರೂ ಇಲ್ಲದ ಮಳೆಯಾಶ್ರಿತ ಹೊಲ. ಮುಂಗಾರಿನಲ್ಲಿ ಮೆಕ್ಕೆಜೋಳ, ಹಿಂಗಾರಿನಲ್ಲಿ ಗೋಧಿ. ಬೆಳೆ ಕೈಕೊಡುವುದು ವಾಡಿಕೆಯೇ ಆಗಿದ್ದಾಗ ಮೇಕೆಗಳು ಬದುಕಿನ ಆಧಾರವಾಗಿದ್ದವು, ಮೇಕೆಗಳಿಗೆ ಗುಡ್ಡ ಆಧಾರವಾಗಿತ್ತು. ಗುಡ್ಡ ಅರಣ್ಯ ಇಲಾಖೆಯದು, ಹೊಲ ರೈತರದು, ಕೆರೆ ನಗರದ್ದು. ಮೂರು ಒಡೆತನಗಳ ನಡುವೆ ಹರಿಯುತ್ತಿದ್ದ ನೀರು ಮಾತ್ರ ಒಂದೇ.

ಮೊದಲ ಕಟ್ಟೆ

ಸಂಶೋಧನಾ ಕೇಂದ್ರದ ಮೊದಲ ಹೆಜ್ಜೆ ಪಠ್ಯದಲ್ಲಿರುವಂಥದ್ದೇ. ನೆತ್ತಿಯಿಂದ ಕಣಿವೆಗೆ ಎಂಬ ಕ್ರಮದಲ್ಲಿ ಇಳಿಜಾರಿಗೆ ಅಡ್ಡಲಾಗಿ ಬಿಟ್ಟು ಬಿಟ್ಟು ಸಮಪಾತಳಿ ಕಂದಕಗಳನ್ನು ತೋಡಿಸಿ, ತೆಗೆದ ಮಣ್ಣಿನ ದಿಬ್ಬದ ಮೇಲೆ ಖೈರ್, ಅಂದರೆ ನಾವು ಕಾಚಿನ ಮರ ಎನ್ನುವುದನ್ನು, ಜತೆಗೆ ಶೀಶಮ್ ಮರವನ್ನೂ ಭಾಬ್ಬರ್ ಹುಲ್ಲನ್ನೂ ಹಚ್ಚಿಸುವುದು. ಕೊರಕಲುಗಳಿಗೆ ಕಲ್ಲಿನ ತಡೆ ಹಾಕುವುದು. ಕೆಲಸ ತಾಂತ್ರಿಕವಾಗಿ ಸರಿಯಾಗಿಯೇ ಇತ್ತು. ಆದರೆ ಊರಿನ ಮಂದೆಗಳಿಗೆ ಬೇರೆ ಮೇವಿನ ನೆಲ ಇಲ್ಲದಿದ್ದುದರಿಂದ ಅವು ಅದೇ ಗುಡ್ಡಕ್ಕೆ ಹೋಗುತ್ತಲೇ ಇದ್ದವು. ಕೆರೆಯ ಹೂಳು ಚಂಡೀಗಢದ ಚಿಂತೆಯಾಗಿತ್ತೇ ಹೊರತು ಸುಖೋಮಾಜ್ರಿಯದಲ್ಲ. ನಗರದ ಕೆರೆಗಾಗಿ ತಮ್ಮ ಮೇಕೆಗಳನ್ನು ಮಾರಿ ಎಂದು ಊರವರನ್ನು ಕೇಳುವುದರಲ್ಲಿ ನ್ಯಾಯವೂ ಇರಲಿಲ್ಲ.

ತಿರುವು ಬಂದದ್ದು ಊರಿನದೇ ಆದ ಒಂದು ತೊಂದರೆಯನ್ನು ಕೈಗೆತ್ತಿಕೊಂಡಾಗ. ಗುಡ್ಡದಿಂದ ಇಳಿದ ನೀರು ಹೊಲಗಳ ಅಂಚಿನಲ್ಲಿ ಆಳವಾದ ಕೊರಕಲನ್ನು ತೋಡಿತ್ತು, ಅದರ ತಲೆ ಪ್ರತಿ ಮಳೆಗಾಲದಲ್ಲೂ ಸಾಗುವಳಿ ನೆಲದೊಳಕ್ಕೆ ಸರಿಯುತ್ತಿತ್ತು. ಕೊರಕಲು ಹೀಗೆ ಹಿಂದಕ್ಕೆ ಬೆಳೆಯುವ ಬಗೆ ಗಮನಿಸಬೇಕಾದದ್ದು. ಹೊಲದ ಮಟ್ಟದಲ್ಲಿ ಹರಿದು ಬಂದ ನೀರು ಕೊರಕಲಿನ ತುಟಿಯಿಂದ ಕೆಳಕ್ಕೆ ಧುಮುಕಿ, ಬಿದ್ದ ಜಾಗದಲ್ಲಿ ಗುಂಡಿ ಮಾಡುತ್ತದೆ. ಗುಂಡಿಯಲ್ಲಿ ಸುಳಿದ ನೀರು ಗೋಡೆಯ ಬುಡವನ್ನು ಒಳಗಿನಿಂದ ತಿನ್ನುತ್ತದೆ. ಬುಡ ಕಳೆದುಕೊಂಡ ಮೇಲಿನ ಮಣ್ಣು ಬಿರುಕುಬಿಟ್ಟು, ಹೆಂಟೆಹೆಂಟೆಯಾಗಿ ಕುಸಿಯುತ್ತದೆ. ಮುಂದಿನ ಮಳೆ ಆ ಹೆಂಟೆಗಳನ್ನು ಹೊತ್ತೊಯ್ದು, ಹೊಸ ತುಟಿಯಿಂದ ಮತ್ತೆ ಧುಮುಕುತ್ತದೆ. ತುಟಿಯ ಹತ್ತಿರ ಕಲ್ಲು ಪೇರಿಸಿದರೆ ಪ್ರಯೋಜನ ಕಡಿಮೆ. ಅಲ್ಲಿಗೆ ಬರುವ ನೀರನ್ನೇ ಮೇಲೆ ತಡೆಯಬೇಕು. ಈ ಉದ್ದೇಶದಿಂದ 1976ರಲ್ಲಿ ಕೊರಕಲಿನ ಮೇಲ್ಭಾಗದಲ್ಲಿ ಒಂದು ಸಣ್ಣ ಮಣ್ಣಿನ ಕಟ್ಟೆಯನ್ನು ಕಟ್ಟಲಾಯಿತು. ಅದರ ಮೊದಲ ಕೆಲಸ ಕೊರಕಲನ್ನು ನಿಲ್ಲಿಸುವುದಾಗಿತ್ತು, ನೀರಾವರಿಯಾಗಿರಲಿಲ್ಲ.

ಕಟ್ಟೆಯ ಹಿಂದೆ ನೀರು ನಿಂತಿತು. ಮುಂದಿನ ಹಿಂಗಾರಿನಲ್ಲಿ ಮಳೆ ಕೈಕೊಟ್ಟು ಗೋಧಿ ಬಾಡತೊಡಗಿದಾಗ ಆ ನೀರನ್ನು ಕೆಳಗಿನ ಹೊಲಗಳಿಗೆ ಹಾಯಿಸಿದರು, ಬೆಳೆ ಉಳಿಯಿತು. ಇದರಲ್ಲಿ ಪವಾಡವೇನೂ ಇಲ್ಲ. ಗೋಧಿಗೆ ಬಿತ್ತನೆಯಾದ ಸುಮಾರು 21 ದಿನಕ್ಕೆ, ಕಿರೀಟ ಬೇರುಗಳು ಮೂಡುವ ಹಂತದಲ್ಲಿ ಒಂದು ನೀರು ಸಿಕ್ಕರೆ ತೆಂಡೆ, ಅಂದರೆ ಬುಡದ ಕವಲು, ಒಡೆಯುವುದು ಹೆಚ್ಚಿ ಇಳುವರಿ ಗಣನೀಯವಾಗಿ ಏರುತ್ತದೆ; ಆ ಒಂದು ನೀರು ತಪ್ಪಿದರೆ ಆಮೇಲೆ ಎಷ್ಟು ಹಾಯಿಸಿದರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ. ಐದು ಸೆಂಟಿಮೀಟರ್ ಆಳದ ಒಂದು ನೀರಿಗೆ ಹೆಕ್ಟೇರಿಗೆ ಬೇಕಾಗುವುದು 500 ಘನ ಮೀಟರ್. ಒಂದು ಹೆಕ್ಟೇರ್-ಮೀಟರ್, ಅಂದರೆ 10,000 ಘನ ಮೀಟರ್ ನೀರು ಹಿಡಿಯುವ ಪುಟ್ಟ ಕಟ್ಟೆಯೂ ಆವಿಯಾಗಿ, ಇಂಗಿ ಹೋಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ 20 ಹೆಕ್ಟೇರಿಗೆ ಒಂದು ನೀರು ಕೊಡಬಲ್ಲದು. ಸಾಗುವಳಿ ನೆಲವೇ ಐವತ್ತು ಹೆಕ್ಟೇರಿನಷ್ಟಿದ್ದ ಊರಿಗೆ ಇದು ದೊಡ್ಡ ವಿಷಯ. ಮಳೆಗಾಲದಲ್ಲಿ ಮಣ್ಣು ಕೊಚ್ಚುತ್ತಿದ್ದ ನೀರೇ ಚಳಿಗಾಲದಲ್ಲಿ ಗೋಧಿ ಉಳಿಸುತ್ತದೆ ಎಂಬುದು ಊರಿಗೆ ಕಣ್ಣಾರೆ ಗೊತ್ತಾಯಿತು.

ಗುಡ್ಡ ಹಾಳಾದರೆ ಕಟ್ಟೆ ಹೂಳು ತುಂಬಿ ಸಾಯುತ್ತದೆ. ಕಟ್ಟೆ ಸತ್ತರೆ ಗೋಧಿಗೆ ನೀರಿಲ್ಲ. ಅಲ್ಲಿಯವರೆಗೆ ಚಂಡೀಗಢದ ಸಮಸ್ಯೆಯಾಗಿದ್ದ ಹೂಳು ಈಗ ಸುಖೋಮಾಜ್ರಿಯ ಸಮಸ್ಯೆಯೂ ಆಯಿತು. ಮಿಶ್ರಾ ಅವರ ತಂಡದ ನಿಜವಾದ ಸಾಧನೆ ಇದು ಎಂದು ನನ್ನ ಎಣಿಕೆ. ಕೆರೆಯಿಂದ ಹಲವು ಮೈಲಿ ಮೇಲೆ, ಮೇಕೆ ಮೇಯಿಸುವವನ ಹಿತವೂ ಕೆರೆಯ ಹಿತವೂ ಒಂದೇ ದಿಕ್ಕಿಗೆ ಹೊರಳುವಂತೆ ಒಂದು ಮಣ್ಣಿನ ಏರಿ ಮಾಡಿತು.

ನೀರು ನೆಲದ ಹಿಂದೆ ಹೋಗದಂತೆ

ಆದರೆ ಮೊದಲ ಕಟ್ಟೆಯ ನೀರು ಎಲ್ಲರಿಗೂ ಸಿಗಲಿಲ್ಲ. ಅದರ ಕೆಳಗೆ, ನೀರು ತಾನಾಗಿ ಹರಿದು ಹೋಗಬಲ್ಲ ಮಟ್ಟದಲ್ಲಿ ಯಾರ ಹೊಲವಿತ್ತೋ ಅವರಿಗಷ್ಟೇ ಸಿಕ್ಕಿತು. ಉಳಿದವರ ಪ್ರಶ್ನೆ ಸರಳವಾಗಿತ್ತು: ಗುಡ್ಡಕ್ಕೆ ಮೇಕೆ ಬಿಡುವುದನ್ನು ನಾವೂ ನಿಲ್ಲಿಸಬೇಕು, ನೀರು ಮಾತ್ರ ಅವರ ಹೊಲಕ್ಕೆ ಹೋಗಬೇಕು ಎಂದರೆ ಹೇಗೆ? ಇಂಥ ಪ್ರಶ್ನೆ ಎದ್ದಾಗ ಯೋಜನೆಗಳು ಸಾಮಾನ್ಯವಾಗಿ ಜಾಗೃತಿ ಶಿಬಿರ ಏರ್ಪಡಿಸುತ್ತವೆ. ಇಲ್ಲಿ ಹಕ್ಕಿನ ಸ್ವರೂಪವನ್ನೇ ಬದಲಿಸಿದರು.

ನೀರು ನೆಲದ ಹಿಂದೆ ಹೋಗುವುದು ಎಲ್ಲೆಡೆಯ ರೂಢಿ. ನಮ್ಮ ಕೆರೆಗಳ ಅಚ್ಚುಕಟ್ಟಿನಲ್ಲೂ ನೀರುಗಂಟಿ ತೂಬು ಎತ್ತಿ ನೀರು ಬಿಡುವುದು ಅಚ್ಚುಕಟ್ಟಿನಲ್ಲಿ ಗದ್ದೆಯಿದ್ದವರಿಗೆ; ಕೆರೆಯ ಮೇಲಿನ ಇಳಿಜಾರಿನಲ್ಲಿ ಕುರಿ ಮೇಯಿಸುವವರಿಗೆ ಅದರಲ್ಲಿ ಪಾಲಿಲ್ಲ. ಸುಖೋಮಾಜ್ರಿಯಲ್ಲಿ ಈ ರೂಢಿಯನ್ನು ಮುರಿದು, ಕಟ್ಟೆಯ ನೀರಿನಲ್ಲಿ ಪ್ರತಿ ಮನೆಗೂ ಸಮಪಾಲು ಎಂದು ನಿರ್ಧರಿಸಲಾಯಿತು. ಹೆಚ್ಚು ಹೊಲವಿದ್ದವನಿಗೂ ಅಷ್ಟೇ, ಕಡಿಮೆ ಇದ್ದವನಿಗೂ ಅಷ್ಟೇ, ಹೊಲವೇ ಇಲ್ಲದವನಿಗೂ ಅಷ್ಟೇ. ತನ್ನ ಪಾಲು ತನಗೆ ಬೇಡವೆಂದಾದರೆ ಅದನ್ನು ಇನ್ನೊಬ್ಬರಿಗೆ ಮಾರಬಹುದು ಅಥವಾ ಇನ್ನೊಬ್ಬರ ನೆಲದಲ್ಲಿ ಪಾಲಿಗೆ ಬೇಸಾಯ ಮಾಡಲು ಬಳಸಬಹುದು. ಇದಕ್ಕೆ ಪ್ರತಿಯಾಗಿ ಒಂದೇ ಷರತ್ತು: ಗುಡ್ಡಕ್ಕೆ ದನ ಬಿಟ್ಟ ಮನೆ ನೀರಿನ ಪಾಲು ಕಳೆದುಕೊಳ್ಳುತ್ತದೆ.

ಮುಳ್ಳುತಂತಿಯೂ ಕಾವಲುಗಾರನೂ ಇಲ್ಲದೆ ಗುಡ್ಡ ಉಳಿದದ್ದು ಈ ಷರತ್ತಿನಿಂದ. ಇದಕ್ಕೆ ‘ಸಾಮಾಜಿಕ ಬೇಲಿ’ ಎಂಬ ಹೆಸರು ಬಂದು, ಮುಂದೆ ಸರ್ಕಾರಿ ಕಡತಗಳಲ್ಲಿ ಅದೊಂದು ಮಂತ್ರವೇ ಆಗಿಬಿಟ್ಟಿತು. ಅನೇಕ ಯೋಜನೆಗಳು ಈ ಹೆಸರನ್ನು ಎತ್ತಿಕೊಂಡವು, ಅದರ ಬುಡದಲ್ಲಿದ್ದ ನೀರಿನ ಪಾಲನ್ನು ಬಿಟ್ಟವು. ಊರವರಿಗೆ ಕೊಡಲು ಏನೂ ಇಲ್ಲದೆ ಮೇಯಿಸಬೇಡಿ ಎಂದಷ್ಟೇ ಹೇಳಿದರೆ ಅದು 1900ರ ಕಾಯ್ದೆಯ ಇನ್ನೊಂದು ರೂಪವಾಗುತ್ತದೆ.

ಸಮಪಾಲು ಎಂದು ಬರೆದಿಡುವುದು ಸುಲಭ, ಹರಿಸುವುದು ಕಷ್ಟ. ಕಟ್ಟೆಯಿಂದ ಹೊಲಗಳವರೆಗೆ ತೆರೆದ ಕಾಲುವೆಯ ಬದಲು ನೆಲದಡಿಯ ಕೊಳವೆ ಹಾಕಲಾಯಿತು. ಇಂಗಿ ಹೋಗುವ ನೀರು ಉಳಿಯುವುದರ ಜತೆಗೆ, ಯಾರ ಹೊಲಕ್ಕೆ ಎಷ್ಟು ಹೊತ್ತು ಬಿಟ್ಟಿದ್ದಾರೆ ಎಂಬುದು ಎಲ್ಲರಿಗೂ ಕಾಣುವಂತಾದದ್ದು ಅದರ ದೊಡ್ಡ ಲಾಭ. ತೆರೆದ ಕಾಲುವೆಯಲ್ಲಿ ಗುದ್ದಲಿಯ ಒಂದು ಏಟಿಗೆ ನೀರು ಅಡ್ಡದಾರಿ ಹಿಡಿಯುತ್ತದೆ. ಕೊಳವೆಯಲ್ಲಿ ಅದು ಅಷ್ಟು ಸುಲಭವಲ್ಲ. ಕ್ರಮೇಣ ಪಾಲಿನ ಲೆಕ್ಕ ಗಂಟೆಯ ಲೆಕ್ಕವಾಗಿ ಬದಲಾಗಿ, ಬಳಸಿದ ಗಂಟೆಗೆ ಇಷ್ಟು ಎಂದು ಸಂಘಕ್ಕೆ ಕಟ್ಟುವ ಪದ್ಧತಿ ಬಂತು. 1980ರ ದಶಕದ ಮಧ್ಯದ ಹೊತ್ತಿಗೆ ಇನ್ನಷ್ಟು ಸಣ್ಣ ಕಟ್ಟೆಗಳು ಸೇರಿಕೊಂಡು, ಮೊದಲ ಕಟ್ಟೆಗೆ ನಿಲುಕದಿದ್ದ ಹೊಲಗಳಿಗೂ ನೀರು ತಲುಪಿತು. ಫೋರ್ಡ್ ಪ್ರತಿಷ್ಠಾನದ ಧನಸಹಾಯವೂ ಈ ಹಂತದಲ್ಲಿ ದೊರೆಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸುಖೋಮಾಜ್ರಿಯಲ್ಲಿ ಭೂರಹಿತರು ತೀರ ಕಡಿಮೆ, ಹಿಡುವಳಿಗಳ ನಡುವಿನ ಅಂತರವೂ ದೊಡ್ಡದಲ್ಲ, ಊರಿನ ಬಹುಪಾಲು ಒಂದೇ ಸಮುದಾಯ. ಇಂಥ ಕಡೆ ಸಮಪಾಲನ್ನು ಒಪ್ಪಿಸುವುದಕ್ಕೂ, ಹತ್ತು ಮನೆಗಳು ಊರಿನ ಅರ್ಧ ನೆಲವನ್ನು ಹಿಡಿದಿರುವ ಊರಿನಲ್ಲಿ ಒಪ್ಪಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಈ ಮಾದರಿಯನ್ನು ಬೇರೆಡೆಗೆ ಕೊಂಡೊಯ್ದವರು ಕಟ್ಟೆಯ ನಕ್ಷೆಯನ್ನು ಕೊಂಡೊಯ್ದಷ್ಟು ಸಲೀಸಾಗಿ ಪಾಲಿನ ನಿಯಮವನ್ನು ಕೊಂಡೊಯ್ಯಲು ಆಗದಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ಹುಲ್ಲಿನ ಒಪ್ಪಂದ

ಮೇಯುವುದು ನಿಂತ ಮೇಲೆ ಗುಡ್ಡದಲ್ಲಿ ಮೊದಲು ಎದ್ದದ್ದು ಮರವಲ್ಲ, ಹುಲ್ಲು. ಅದರಲ್ಲಿ ಎರಡು ಬಗೆ. ಒಂದು ದನಕ್ಕೆ ಹಾಕುವ ಮೇವಿನ ಹುಲ್ಲು. ಇನ್ನೊಂದು ಭಾಬ್ಬರ್, ಹಗ್ಗ ಹೊಸೆಯಲೂ ಕಾಗದದ ಕಾರ್ಖಾನೆಗಳಿಗೂ ಬೇಕಾದ ನಾರಿನ ಹುಲ್ಲು. ಅರಣ್ಯ ಇಲಾಖೆ ಅಲ್ಲಿಯವರೆಗೆ ಈ ಹುಲ್ಲನ್ನು ಹರಾಜಿನಲ್ಲಿ ಗುತ್ತಿಗೆದಾರರಿಗೆ ಕೊಡುತ್ತಿತ್ತು. ಗುಡ್ಡವನ್ನು ಕಾಯುವವರು ಊರವರು, ಹುಲ್ಲನ್ನು ಕೊಯ್ದು ಲಾಭ ಮಾಡುವವನು ಹೊರಗಿನ ಗುತ್ತಿಗೆದಾರ. ಇದು ಮುಂದುವರಿದಿದ್ದರೆ ಸಾಮಾಜಿಕ ಬೇಲಿ ಒಂದೆರಡು ವರ್ಷವೂ ನಿಲ್ಲುತ್ತಿರಲಿಲ್ಲ.

ನೀರು ಹಂಚಲು ಹುಟ್ಟಿದ ಬಳಕೆದಾರರ ಗುಂಪು 1980ರ ದಶಕದ ಆರಂಭದಲ್ಲಿ ಗಿರಿ ಸಂಪನ್ಮೂಲ ನಿರ್ವಹಣಾ ಸಂಘವಾಗಿ ನೋಂದಣಿಯಾಗಿ, ಹುಲ್ಲಿನ ಗುತ್ತಿಗೆಯನ್ನು ತನಗೇ ಕೊಡಬೇಕೆಂದು ಇಲಾಖೆಯನ್ನು ಕೇಳಿತು. ಹಿಂದಿನ ವರ್ಷಗಳ ಹರಾಜಿನ ಸರಾಸರಿ ಮೊತ್ತವನ್ನು ಇಲಾಖೆಗೆ ಕಟ್ಟಿ, ಗುಡ್ಡದ ಹುಲ್ಲನ್ನು ಸಂಘವೇ ಕೊಯ್ಯಬಹುದು ಎಂಬ ಒಪ್ಪಂದವಾಯಿತು. ಈ ಒಪ್ಪಂದದ ಜಾಣ್ಮೆ ಅದರ ಲೆಕ್ಕದಲ್ಲಿತ್ತು. ಇಲಾಖೆಗೆ ಬರುವ ಮೊತ್ತ ಬೋಳು ಗುಡ್ಡದ ಕಾಲದ ಇಳುವರಿಗೆ ಸರಿಸಮನಾಗಿ ನಿಂತಿತು; ಕಾವಲಿನಿಂದ ಹೆಚ್ಚಿದ ಇಳುವರಿಯೆಲ್ಲ ಊರಿಗೆ ಉಳಿಯಿತು. ಮೇವಿನ ಹುಲ್ಲಿಗೆ ಇನ್ನೊಂದು ಸರಳ ಕ್ರಮವಿತ್ತು: ಹಂಗಾಮಿಗೆ ಒಂದು ಕುಡುಗೋಲಿಗೆ ಇಷ್ಟು ಎಂದು ಸಂಘಕ್ಕೆ ಕಟ್ಟಿದರೆ, ಆ ಕುಡುಗೋಲಿನಿಂದ ಒಬ್ಬರು ಕೊಯ್ದು ಹೊತ್ತು ತರುವಷ್ಟು ಹುಲ್ಲು ಅವರದು. ತೂಕದ ತಕ್ಕಡಿಯಾಗಲಿ ರಸೀದಿ ಪುಸ್ತಕದ ರಾಶಿಯಾಗಲಿ ಬೇಕಿರಲಿಲ್ಲ. ಗುಡ್ಡದಲ್ಲಿ ಎಷ್ಟು ಕುಡುಗೋಲು ಇವೆ ಎಂದು ಯಾರು ಬೇಕಾದರೂ ಎಣಿಸಬಹುದಿತ್ತು. ಜಲಾನಯನ ಸಮಿತಿಗಳ ಉಪನಿಯಮಗಳನ್ನು ಪುಟಗಟ್ಟಲೆ ಬರೆಯುವವರು ಈ ಕುಡುಗೋಲಿನ ನಿಯಮವನ್ನು ಒಮ್ಮೆ ನೋಡುವುದು ಒಳ್ಳೆಯದು.

ಮನೆಯ ಕೊಟ್ಟಿಗೆಯಲ್ಲೂ ಬದಲಾವಣೆ ಬಂತು. ಬಿಟ್ಟು ಮೇಯಿಸಬೇಕಾದ ಮೇಕೆಗಳು ಇಳಿದವು, ಕಟ್ಟಿ ಸಾಕಬಹುದಾದ ಎಮ್ಮೆಗಳು ಏರಿದವು. ಮೇವು ಕೊಯ್ದು ಹೊರುವ ಕೆಲಸ ಮಾತ್ರ ಬಹುಮಟ್ಟಿಗೆ ಹೆಂಗಸರ ತಲೆಯ ಮೇಲೆಯೇ ಬಂತು. ಹಾಲಿನ ಆದಾಯವನ್ನು ಎಣಿಸುವ ವರದಿಗಳು ಈ ಹೊರೆಯನ್ನು ಎಣಿಸುವುದು ಅಪರೂಪ.

ಫಲ, ಮತ್ತು ಫಲದ ಲೆಕ್ಕದಲ್ಲಿನ ಗೊಂದಲ

1976ರಲ್ಲಿ ಹೆಕ್ಟೇರಿಗೆ ಹದಿಮೂರರಷ್ಟಿದ್ದ ಮರಗಳ ಸಂಖ್ಯೆ 1992ರ ಹೊತ್ತಿಗೆ ಸಾವಿರ ದಾಟಿತ್ತು. ಹುಲ್ಲಿನ ಇಳುವರಿ ಹಲವು ಪಟ್ಟು ಏರಿತು, ಗೋಧಿ ಮತ್ತು ಮೆಕ್ಕೆಜೋಳದ ಇಳುವರಿಯೂ ಏರಿತು. ಸುಖ್ನಾ ಕೆರೆಗೆ ಬಂದು ಸೇರುವ ಹೂಳು ಹತ್ತರಲ್ಲಿ ಒಂಬತ್ತು ಪಾಲು ಇಳಿಯಿತೆಂಬ ಮಾತು ಈ ಪ್ರಕರಣದ ಬಹುತೇಕ ವಿವರಣೆಗಳಲ್ಲಿದೆ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೆರೆಯ ಜಲಾನಯನ ಸುಮಾರು 42 ಚದರ ಕಿಲೋಮೀಟರ್. ಸುಖೋಮಾಜ್ರಿಯ ಕಟ್ಟೆಗಳಿಗೆ ನೀರು ಕೊಡುವ ಗುಡ್ಡ ಅದರ ಸಣ್ಣ ಚೂರು. ಅದೇ ಅವಧಿಯಲ್ಲಿ ಜಲಾನಯನದ ದೊಡ್ಡ ಭಾಗವನ್ನು ಚಂಡೀಗಢ ಆಡಳಿತ ತನ್ನ ವಶದಲ್ಲಿಟ್ಟುಕೊಂಡು ಗಿಡ ನೆಡಿಸಿತು, ಹಳ್ಳಗಳಿಗೆ ತಡೆಗಟ್ಟೆಗಳನ್ನು ಹಾಕಿಸಿತು. 1998ರಲ್ಲಿ ಅಲ್ಲಿ ಸುಮಾರು 26 ಚದರ ಕಿಲೋಮೀಟರ್ ವನ್ಯಜೀವಿಧಾಮವೂ ಘೋಷಣೆಯಾಯಿತು. ಆದ್ದರಿಂದ ಕೆರೆಯ ಹೂಳು ಇಳಿದದ್ದರ ಶ್ರೇಯಸ್ಸನ್ನೆಲ್ಲ ಒಂದು ಊರಿನ ಖಾತೆಗೆ ಬರೆಯುವುದು ಸರಿಯಲ್ಲ. ಊರಿನ ಗುಡ್ಡದಲ್ಲಿ ಕಂಡ ಬದಲಾವಣೆ ಊರಿನದು. ಕೆರೆಯಲ್ಲಿ ಕಂಡದ್ದು ಎರಡೂ ಬಗೆಯ ಕೆಲಸಗಳ ಒಟ್ಟು ಮೊತ್ತ. ಊರವರ ಸಹಕಾರದಿಂದ ಮತ್ತು ಇಲಾಖೆಯ ಸ್ವಾಧೀನದಿಂದ ಎಂಬ ಎರಡು ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ವೆಚ್ಚ ಮತ್ತು ಫಲವನ್ನು ಹೋಲಿಸುವ ಅಪರೂಪದ ಅವಕಾಶ ಇಲ್ಲಿತ್ತು. ಪ್ರಕರಣವನ್ನು ಹೊಗಳುವ ಉತ್ಸಾಹದಲ್ಲಿ ಆ ಹೋಲಿಕೆ ಹಿಂದೆ ಬಿದ್ದಿತು.

ಸರ್ಕಾರದ ಮೇಲೆ ಪ್ರಭಾವವಂತೂ ಆಯಿತು. ಹರಿಯಾಣದ ಶಿವಾಲಿಕ್ ಬುಡದ ಬೂಂಗಾ ಮುಂತಾದ ಊರುಗಳಲ್ಲಿ ಇದೇ ಬಗೆಯ ಕಟ್ಟೆಗಳೂ ಸಂಘಗಳೂ ಹುಟ್ಟಿದವು. ಅರಣ್ಯ ರಕ್ಷಣೆಯಲ್ಲಿ ಊರವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಬೇಕೆಂದು ಕೇಂದ್ರ ಸರ್ಕಾರ 1990ರ ಜೂನ್ 1ರಂದು ಸುತ್ತೋಲೆ ಹೊರಡಿಸಿದಾಗ, ಅದರ ಹಿನ್ನೆಲೆಯಲ್ಲಿದ್ದ ಅನುಭವಗಳಲ್ಲಿ ಪಶ್ಚಿಮ ಬಂಗಾಳದ ಅರಾಬಾರಿಯ ಜತೆಗೆ ಸುಖೋಮಾಜ್ರಿಯೂ ಇತ್ತು. ಬರಪೀಡಿತ ಪ್ರದೇಶಗಳ ಕಾರ್ಯಕ್ರಮಗಳನ್ನು ಪರಿಶೀಲಿಸಿದ ಹನುಮಂತರಾವ್ ಸಮಿತಿಯ ವರದಿಯ ನಂತರ ಬಂದ ಜಲಾನಯನ ಮಾರ್ಗಸೂಚಿಗಳು ಬಳಕೆದಾರರ ಗುಂಪು, ಜಲಾನಯನ ಸಮಿತಿ ಎಂಬ ಚೌಕಟ್ಟನ್ನು ದೇಶಕ್ಕೆಲ್ಲ ಒಯ್ದವು. ಭೂರಹಿತರಿಗೆ ನೀರಿನಲ್ಲೇ ಪಾಲು ಕೊಡುವ ಮಾತು ಮಾತ್ರ ಈ ಮಾರ್ಗಸೂಚಿಗಳ ಪಯಣದಲ್ಲಿ ಕರಗಿ, ಅವರಿಗಾಗಿ ಸ್ವಸಹಾಯ ಗುಂಪು ಮತ್ತು ಸಾಲ ಎಂಬ ರೂಪ ತಾಳಿತು. ಕರ್ನಾಟಕದ ಸುಜಲ ಜಲಾನಯನ ಯೋಜನೆಯಲ್ಲೂ ಭೂರಹಿತರು ಒಳಗೆ ಬಂದದ್ದು ಆ ಬಾಗಿಲಿನಿಂದಲೇ. ಅದು ಉಪಯುಕ್ತವಲ್ಲವೆಂದೇನೂ ಅಲ್ಲ. ಆದರೆ ಸಾಲ ಪಡೆದವನಿಗೆ ಗುಡ್ಡವನ್ನು ಕಾಯಲು ಯಾವ ಕಾರಣವೂ ಹುಟ್ಟುವುದಿಲ್ಲ.

ಸಡಿಲವಾದ ಬಗೆ

1990ರ ದಶಕದಿಂದೀಚೆಗೆ ಸುಖೋಮಾಜ್ರಿಯ ವ್ಯವಸ್ಥೆ ಒಂದೊಂದೇ ಕೊಂಡಿ ಕಳಚುತ್ತ ಬಂತು. ಮೊದಲನೆಯದು ಹುಲ್ಲು. ಇಲಾಖೆ ತನ್ನ ಪಾಲಿನ ಷರತ್ತುಗಳನ್ನು ಬದಲಿಸಿ ತನ್ನ ಖರ್ಚು ಮತ್ತು ತೆರಿಗೆಗಳನ್ನೂ ಹುಲ್ಲಿನ ಆದಾಯದಿಂದ ಮುರಿದುಕೊಳ್ಳತೊಡಗಿದಾಗ, ಹೆಚ್ಚಿದ ಇಳುವರಿ ಊರಿಗೆ ಎಂಬ ಮೂಲ ಒಪ್ಪಂದದ ಜೀವ ಹೋಯಿತು. ಇದರ ಜತೆಗೆ ಗುಡ್ಡದ ಯಶಸ್ಸೇ ಹುಲ್ಲಿಗೆ ಮುಳುವಾಯಿತು: ಖೈರ್ ಮರಗಳು ಬೆಳೆದು ನೆರಳು ದಟ್ಟವಾದಂತೆ ಬಿಸಿಲು ಬೇಡುವ ಭಾಬ್ಬರ್ ಕ್ಷೀಣಿಸಿತು. ಹುಲ್ಲು ವರ್ಷವರ್ಷ ಕೈಗೆ ಬರುವ ಆದಾಯ. ಖೈರ್ ದಶಕಗಳ ನಂತರ ಕಡಿಯಬೇಕಾದ ಮರ, ಅದೂ ಇಲಾಖೆಯ ಒಡೆತನದ್ದು. ಗಿಡ ನೆಡುವಾಗಲೇ ಹುಲ್ಲಿಗೆ ಎಷ್ಟು ಜಾಗ, ಮರಕ್ಕೆ ಎಷ್ಟು ಜಾಗ, ಬೆಳೆದ ಖೈರ್‌ನಲ್ಲಿ ಊರಿಗೆ ಎಷ್ಟು ಪಾಲು ಎಂಬುದು ಬರಹದಲ್ಲಿ ಖಚಿತವಾಗಬೇಕಿತ್ತು.

ಎರಡನೆಯದು ಹೂಳು. ಮಣ್ಣಿನ ಕಟ್ಟೆಗೆ ಆಯಸ್ಸಿದೆ. ಎಷ್ಟೇ ಹಸಿರಾದರೂ ಶಿವಾಲಿಕ್ ಗುಡ್ಡ ಸ್ವಲ್ಪ ಮಣ್ಣನ್ನು ಕಳಿಸುತ್ತಲೇ ಇರುತ್ತದೆ. ಆರಂಭದ ವರ್ಷಗಳಲ್ಲಿ, ಹಸಿರು ಹೊದಿಕೆ ಇನ್ನೂ ಮೂಡುವ ಮೊದಲು, ಅದು ಹೆಚ್ಚೇ ಬರುತ್ತದೆ. ಕಟ್ಟೆಗಳು ತುಂಬುತ್ತ ಹೋದವು. ಹೂಳೆತ್ತಲು ಬೇಕಾದ ಮೊತ್ತವನ್ನು ನೀರಿನ ಗಂಟೆಯ ದರದಿಂದ ಕೂಡಿಡುವುದು ಸಾಧ್ಯವಿರಲಿಲ್ಲ, ಏಕೆಂದರೆ ಆ ದರವನ್ನು ದಿನನಿತ್ಯದ ನಿರ್ವಹಣೆಗೆ ಸಾಲುವಷ್ಟಕ್ಕೆ ನಿಗದಿ ಮಾಡಲಾಗಿತ್ತು. ಹುಲ್ಲಿನ ಆದಾಯ ಕುಗ್ಗಿದ್ದರಿಂದ ಸಂಘದ ಬೊಕ್ಕಸದಲ್ಲೂ ಏನೂ ಉಳಿದಿರಲಿಲ್ಲ. ಕಟ್ಟೆ ಕಟ್ಟಲು ಹಣ ಕೊಡುವವರು ಸಿಗುತ್ತಾರೆ, ಕಟ್ಟಿದ ಕಟ್ಟೆಯ ಹೂಳೆತ್ತಲು ಸಿಗುವುದಿಲ್ಲ. ಇದು ಜಲಾನಯನ ಯೋಜನೆಗಳ ಹಳೆಯ ರೋಗ.

ಮೂರನೆಯದು ಪಾಲು. ಕಟ್ಟೆಯಲ್ಲಿ ನೀರು ಕಡಿಮೆಯಾದಾಗ ಸಮಪಾಲಿನ ಬೆಲೆಯೂ ಕಡಿಮೆಯಾಯಿತು. ಹಂಚಿಕೆಯ ಹೊಣೆಯನ್ನು ಸಂಘ ತಾನೇ ನಡೆಸದೆ ಗುತ್ತಿಗೆಗೆ ಬಿಡುವ ಪದ್ಧತಿ ಬಂತು, ಪಾಲಿನ ಮಾತು ಹಿಂದೆ ಸರಿದು ದರದ ಮಾತು ಮುಂದೆ ಬಂತು. ಪಕ್ಕದಲ್ಲೇ ಚಂಡೀಗಢ ಮತ್ತು ಪಂಚಕುಲಾ ಬೆಳೆಯುತ್ತಿದ್ದುದರಿಂದ ಕೂಲಿ ಮತ್ತು ನೌಕರಿಯ ಆದಾಯ ಗೋಧಿಯ ಆದಾಯವನ್ನು ಹಿಂದಿಕ್ಕಿತ್ತು. ನೀರಿನ ಪಾಲು ಕಳೆದುಕೊಳ್ಳುವ ಭಯ ಎಷ್ಟು ಬಲವಾಗಿತ್ತೋ ಅಷ್ಟೇ ಬಲವಾಗಿ ನಿಂತಿದ್ದ ಬೇಲಿ, ಆ ಭಯದ ಜತೆಗೇ ತೆಳುವಾಯಿತು. ಗುಡ್ಡ ಮತ್ತೆ ಬೋಳಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಅದಕ್ಕೆ ಸಂಘದ ಶಿಸ್ತಿಗಿಂತ, ಮೇಕೆ ಸಾಕುವ ಬದುಕೇ ಊರಿನಲ್ಲಿ ಕಡಿಮೆಯಾದದ್ದು ಹೆಚ್ಚು ಕಾರಣವೆಂದು ತೋರುತ್ತದೆ.

ಕೆರೆಯ ಈಗಿನ ಸಮಸ್ಯೆ

ಸುಖ್ನಾ ಕೆರೆಯ ಕಡೆ ನೋಡಿದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. 2010ರ ದಶಕದಲ್ಲಿ ಕೆರೆಯನ್ನು ಕಾಡಿದ್ದು ಹೂಳಿಗಿಂತ ನೀರಿನ ಕೊರತೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಕೆರೆಯ ತಳ ಹೊರಬಿದ್ದಾಗ, ಜಲಾನಯನದಲ್ಲಿ ಕಟ್ಟಿದ ನೂರಾರು ತಡೆಗಟ್ಟೆಗಳೇ ಹರಿವನ್ನು ತಡೆಯುತ್ತಿವೆ ಎಂಬ ವಾದ ಎದ್ದಿತು. ಜಲಶಾಸ್ತ್ರದ ದೃಷ್ಟಿಯಿಂದ ಇದು ಅನಿರೀಕ್ಷಿತವಲ್ಲ. ಹೊದಿಕೆ ದಟ್ಟವಾದಂತೆ ಮಳೆನೀರು ಹೆಚ್ಚು ಇಂಗುತ್ತದೆ, ಮರಗಳು ಹೆಚ್ಚು ನೀರನ್ನು ಆವಿಯಾಗಿಸುತ್ತವೆ, ಮೇಲ್ಮೈ ಹರಿವು ಇಳಿಯುತ್ತದೆ. ಮಣ್ಣನ್ನು ಹೊತ್ತು ತರುವುದೂ ಕೆರೆಯನ್ನು ತುಂಬಿಸುವುದೂ ಅದೇ ಹರಿವು. ಒಂದನ್ನು ತಡೆದು ಇನ್ನೊಂದನ್ನು ಪೂರ್ತಿಯಾಗಿ ಉಳಿಸಿಕೊಳ್ಳಲು ಆಗುವುದಿಲ್ಲ. ಸುಖೋಮಾಜ್ರಿಯ ಕಟ್ಟೆಗಳಿಗೂ ಇದು ಅನ್ವಯಿಸುತ್ತದೆ: ಹಸಿರು ಗುಡ್ಡ ಹೂಳನ್ನು ತಡೆಯುವುದರ ಜತೆಗೆ ಕಟ್ಟೆ ಸೇರುವ ನೀರನ್ನೂ ಕಡಿಮೆ ಮಾಡುತ್ತದೆ. ಬೋಳು ಗುಡ್ಡದ ಹರಿವನ್ನು ಅಳೆದು ಕಟ್ಟೆಯ ಗಾತ್ರ ನಿರ್ಧರಿಸಿದರೆ, ಯೋಜನೆ ಯಶಸ್ವಿಯಾದ ಮೇಲೆ ಆ ಕಟ್ಟೆ ಪ್ರತಿ ವರ್ಷ ತುಂಬುವ ಖಾತರಿಯಿಲ್ಲ.

ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2020ರ ಮಾರ್ಚ್‌ನಲ್ಲಿ ಸುಖ್ನಾ ಕೆರೆಯನ್ನು ಕಾನೂನಿನ ದೃಷ್ಟಿಯಲ್ಲಿ ಜೀವಂತ ವ್ಯಕ್ತಿಯೆಂದು ಘೋಷಿಸಿ, ಜಲಾನಯನದಲ್ಲಿ ಎದ್ದಿರುವ ಅಕ್ರಮ ಕಟ್ಟಡಗಳನ್ನು ತೆರವುಗೊಳಿಸಲು ಆದೇಶಿಸಿತು. 1970ರ ದಶಕದಲ್ಲಿ ಕೆರೆಗೆ ಎದುರಾಳಿ ಎಂದು ಕಂಡದ್ದು ಮೇಕೆ. ಈಗ ಕಾಣುವುದು ಕಾಂಕ್ರೀಟು. ಮೇಯುವ ಮನೆಗಳಿಗೆ ನೀರಿನ ಪಾಲು ಕೊಟ್ಟು ಒಪ್ಪಂದ ಮಾಡಿಕೊಂಡಂತೆ ನಿವೇಶನದ ಬೆಲೆಯ ಜತೆ ಒಪ್ಪಂದ ಮಾಡಿಕೊಳ್ಳುವುದು ಸಾಧ್ಯವಾಗದೆ ವಿಷಯ ನ್ಯಾಯಾಲಯಕ್ಕೆ ಹೋಗಿದೆ.

ಈ ಎಲ್ಲ ದಶಕಗಳಲ್ಲಿ ಮೇಲಿನ ಗುಡ್ಡಗಳನ್ನು ಕಾದದ್ದರಿಂದ ನಗರಕ್ಕೆ ಹೂಳೆತ್ತುವ ವೆಚ್ಚದಲ್ಲಿ ದೊಡ್ಡ ಉಳಿತಾಯವಾಗಿದೆ ಎಂಬುದನ್ನು ಪ್ರಕರಣದ ಬೆಂಬಲಿಗರೂ ಟೀಕಾಕಾರರೂ ಒಪ್ಪುತ್ತಾರೆ. ಆ ಉಳಿತಾಯದ ಒಂದು ಅಂಶ ಪ್ರತಿ ವರ್ಷ ಊರಿನ ಸಂಘಕ್ಕೆ ಸಂದಾಯವಾಗುವ ಸ್ಥಿರವಾದ ಏರ್ಪಾಡು ರೂಪುಗೊಂಡಿದ್ದರೆ ಕಟ್ಟೆಗಳ ಹೂಳೆತ್ತಲು ಬೇಕಾದ ಮೂಲನಿಧಿ ಅಲ್ಲೇ ಹುಟ್ಟುತ್ತಿತ್ತು. ಕೆರೆ ಕೇಂದ್ರಾಡಳಿತದ ಚಂಡೀಗಢದ್ದು, ಊರು ಹರಿಯಾಣದ್ದು, ಗುಡ್ಡ ಹರಿಯಾಣದ ಅರಣ್ಯ ಇಲಾಖೆಯದು. ಈ ಮೂವರನ್ನೂ ಒಂದೇ ಒಪ್ಪಂದಕ್ಕೆ ಸಹಿ ಹಾಕಿಸುವ ಅಧಿಕಾರ ಒಂದು ಸಂಶೋಧನಾ ಕೇಂದ್ರಕ್ಕೆ ಇರಲಿಲ್ಲ.